ಒಲೆ ಹಚ್ಚಬೇಡಿ ಎಂದು ಕರೆಯುವ ಮುನ್ನ

ಜಕ್ಕೂರಿನ ಒಕ್ಕಲು ಮನೆಗಳಲ್ಲಿ ಆಗೆಲ್ಲ ಮದುವೆಗೆ ಎರಡು ಥರ ಕರೆಯುತ್ತಿದ್ದರು. 'ಮನೆಗೊಬ್ಬರು ಬನ್ನಿ' ಎನ್ನುವುದು ಒಂದು, 'ಒಲೆ ಹಚ್ಚಬೇಡಿ' ಎನ್ನುವುದು ಇನ್ನೊಂದು. ಎರಡನೆಯ ಮಾತು ಹೇಳಿದರೆ ಅಂದು ಆ ಮನೆಯಲ್ಲಿ ಹೊಗೆ ಏಳಬಾರದು. ಮುದುಕರು, ಮಕ್ಕಳು, ಎಲ್ಲರಿಗೂ ಕರೆದವರ ಮನೆಯಲ್ಲೇ ಊಟ. ಅಲ್ಲಿನ ಕುರಿ ಸಾಕುವ ಗೌಡ ಲಕ್ಕಣ್ಣನಿಗೆ ಮೊದಲನೆಯ ಥರ ಕರೆದು ಗೊತ್ತೇ ಇರಲಿಲ್ಲ.

ಅವನ ಎರಡನೇ ಮಗಳಿಗೆ ಗಂಡು ಗೊತ್ತಾಯಿತು. ಮದುವೆಯ ಸಂಜೆ ಮನೆ ಮುಂದೆಯೇ ಚಪ್ಪರ ಹಾಕಿ ಆರತಕ್ಷತೆ ಮಾಡುವುದೆಂದಾಯಿತು.

"ನಮ್ಮೂರು, ಅಮೃತಹಳ್ಳಿ, ಯಲಹಂಕದ ನೆಂಟ್ರು, ಎಲ್ರಿಗೂ ಒಲೆ ಹಚ್ಬೇಡಿ ಅಂತ್ಲೇ ಏಳ್ಬೇಕು ಕಣಮ್ಮಿ" ಎಂದ ಲಕ್ಕಣ್ಣ.

"ಎಷ್ಟು ಜನ ಆಗ್ಬೋದು?" ಹೆಂಡತಿ ಸುಬ್ಬಮ್ಮ ಕೇಳಿದಳು.

"ಬಂದಷ್ಟು! ತಲೆ ಎಣ್ಸಿ ಇಕ್ಕಾಕೆ ಇದೇನು ರೇಷನ್ ಅಂಗ್ಡಿನಾ?"

ಸುಬ್ಬಮ್ಮನ ಕೈಯಲ್ಲಿದ್ದ ಮೊರ ನಿಂತಿತು. ಹಿರಿಮಗಳ ಮದುವೆಯಲ್ಲೂ ಗಂಡ ಹೀಗೆಯೇ ನಕ್ಕಿದ್ದ. ಅಂದು ನುಂಗಿಕೊಂಡ ಮಾತನ್ನು ಅವಳು ಇನ್ನೂ ಆಡಿರಲಿಲ್ಲ.

ಹಿತ್ತಲ ಬಾಡಿಗೆ ಮನೆಯ ಗಂಗಾದೇವಿ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗದಗಿನ ಕಡೆಯವಳು. ಮಹಿಳಾ ಮಂಡಳಿಯಲ್ಲಿ ಓಡಾಡಿ ಹತ್ತಾರು ಮದುವೆಗಳ ಅಡುಗೆ ಮನೆ ನೋಡಿದವಳು.

"ಅಣ್ಣಾರ, ಸಂಜೀಮುಂದ ಕುರಿ ಎಣಿಸೇ ದೊಡ್ಡಿಗೆ ಹಾಕ್ತೀರಿ. ಮಂದಿ ಹಸಿವು ಎಣಿಸಲಿಕ್ಕೆ ಯಾಕ ನಾಚಿಕಿ?"

"ಎಷ್ಟ್ ಜನ ಬತ್ತೀರಾ ಅಂತ ಕೇಳುದ್ರೆ, ಬರಬೇಡಿ ಅಂದಂಗಲ್ವಾ? ಮರ್ವಾದೆ ಪ್ರಶ್ನೆ ಕಣಮ್ಮ."

"ಹಿರೇಮಗಳ ಮದುವ್ಯಾಗ ಕೊನೀ ಪಂಕ್ತಿಗೆ ಯಾರ್ ಕುಂತಿದ್ರು, ಹೇಳ್ರಿ ನೋಡೋಣ?"

ಲಕ್ಕಣ್ಣ ತಲೆ ಕೆರೆದುಕೊಂಡ. ಆ ಹೊತ್ತಿನಲ್ಲಿ ಅವನು ಬೀಗರ ಜೊತೆ ಫೋಟೋಕ್ಕೆ ನಿಂತಿದ್ದ.

"ನಾನು ಏಳ್ತೀನಿ" ಎಂದಳು ಸುಬ್ಬಮ್ಮ. "ಮುನಿವೆಂಕಟಮ್ಮ ಕುಂತಿದ್ಲು, ಮೊಮ್ಮಕ್ಳನ್ನ ಕಟ್ಕೊಂಡು."

ಕೆಳಗಿನ ಬೀದಿಯ ಮುನಿವೆಂಕಟಮ್ಮ ಆ ಮದುವೆಗೆ ಭತ್ತ ಕುಟ್ಟಿ, ಅಕ್ಕಿ ಕೇರಿ ಕೊಟ್ಟವಳು. ದುಡಿದವರಿಗೆ ಕೊನೆಯಲ್ಲಿ ಊಟ ಎಂಬುದು ಲಕ್ಕಣ್ಣನ ಮನೆಯ ಪದ್ಧತಿ. ಬೀಗರು ಒಂದು ಲಾರಿ ಜನ ಹೆಚ್ಚಿಗೆ ಕರೆತಂದಿದ್ದರು. ಸಾರಿಗೆ ನೀರು ಬೆರೆಸಿದರು. ಕೊನೆಗೆ ಅನ್ನವೂ ಮುಗಿಯಿತು.

"ಎಲೆಗೆ ನೀರ್ ಚಿಮುಕಿಸ್ಕೊಂಡು ಕಾದ್ರು. ಯಾರೂ ಬಡಿಸ್ನಿಲ್ಲ. ನಾನು ಕಂಬದ ಮರೇಲಿ ನಿಂತು ನೋಡ್ತಿದ್ದೆ, ಎದುರಿಗೆ ಓಗಕ್ಕೆ ಮಕ ಇರ್ನಿಲ್ಲ. ಆವಮ್ಮ ಖಾಲಿ ಎಲೇನೇ ಉಂಡೋರಂಗೆ ಮಡುಚಿ ಎದ್ಲು. ನಮ್ಮ ಮಾನ ಓಗ್ಬಾರ್ದು ಅಂತ. ಮನೇಲಿ ಒಲೇನೂ ಹಚ್ಚಿರ್ನಿಲ್ಲ, ನೀವೇ ಬೇಡ ಅಂದಿದ್ರಿ. ಮಕ್ಳು ಅಳ್ತಾ ಓದ್ವು. ಆವತ್ನಿಂದ ಅವ್ಳು ಈ ಬಾಗ್ಲು ತುಳಿದಿಲ್ಲ."

ಲಕ್ಕಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಆಮೇಲೆ, "ಏನ್ ಮಾಡ್ಬೇಕು ಏಳಮ್ಮ" ಎಂದ ಗಂಗಾದೇವಿಗೆ.

"ಕರಿಯೋ ದಿನಾನ ಮನಿಮನಿಗೆ ಕೇಳ್ರಿ, ಎಷ್ಟ್ ಮಂದಿ ಬರ್ತೀರಿ ಅಂತ. ಬೀಗರಿಗೂ ಬಾಯಿ ಬಿಟ್ಟು ಕೇಳ್ರಿ. ಅಕ್ಕಿ, ಬ್ಯಾಳಿ ಹೆಚ್ಚಿಗಿ ತಂದಿಡ್ರಿ, ಆದ್ರ ಎಲ್ಲಾ ಒಮ್ಮೆಗೇ ಬೇಯಿಸಬ್ಯಾಡ್ರಿ. ಮಂದಿ ನೋಡಿ ಎರಡನೇ ಹಂಡೆ ಏರಿಸ್ರಿ. ಹಂಗ ಮಾಡಿದ್ರ ಕಡಿಮಿನೂ ಬೀಳೂದಿಲ್ಲ, ಹಳಸಿ ತಿಪ್ಪಿಗೂ ಹೋಗೂದಿಲ್ಲ. ಮುದುಕ್ರು, ಮಕ್ಕಳು, ದುಡಿದವರು ಮೊದಲ್ನೇ ಪಂಕ್ತಿಗೆ ಕುಂದ್ರಲಿ."

ಮರುದಿನ ಲಕ್ಕಣ್ಣ ಎಲೆಅಡಿಕೆ ಹಿಡಿದು ಮೊದಲು ಹೋಗಿದ್ದೇ ಮುನಿವೆಂಕಟಮ್ಮನ ಬಾಗಿಲಿಗೆ. ಅವಳು ಚಾಪೆ ಹಾಸಿದಳು, ನೀರು ಕೊಟ್ಟಳು. ಎಲೆಅಡಿಕೆಯನ್ನು ಕಣ್ಣಿಗೊತ್ತಿಕೊಂಡಳು.

"ನಿಮ್ಮನೆಯಿಂದ ಎಷ್ಟ್ ಜನ ಬತ್ತೀರಾ ಏಳು, ತಾಯಿ."

"ನಮ್ಮನ್ನ ಲೆಕ್ಕಕ್ಕಿಡ್ಕೋಬೇಡಿ ಗೌಡ್ರೇ. ಮಗು ಚೆನ್ನಾಗಿ ಬಾಳ್ಲಿ."

ಆರತಕ್ಷತೆಯ ಸಂಜೆ ಓಲಗದವರು, ಪಾತ್ರೆ ತೊಳೆಯುವವರು, ಭತ್ತ ಕುಟ್ಟಿದ ಹೆಂಗಸರು ಮೊದಲ ಪಂಕ್ತಿಯಲ್ಲಿ ಕುಳಿತರು. ಗಂಡಿನ ಸೋದರಮಾವ ಮೂಗು ಮುರಿದ: "ಇದ್ಯಾವ ಕ್ರಮ ರೀ?"

"ಇನ್ಮ್ಯಾಕೆ ನಮ್ಮನೆ ಕ್ರಮ ಇದೇ" ಎಂದು ಲಕ್ಕಣ್ಣ ತಾನೇ ಅನ್ನದ ಬುಟ್ಟಿ ಎತ್ತಿಕೊಂಡ.

ಯಲಹಂಕದವರು ಬಂದಿಳಿದಾಗ ಎರಡನೇ ಹಂಡೆ ಏರಿತು. ಯಾರೂ ಹಸಿದು ಹೋಗಲಿಲ್ಲ, ಅನ್ನ ತಿಪ್ಪೆಗೆ ಬೀಳಲಿಲ್ಲ. ಊರವರು ಹೊಗಳಿದರು. ಸುಬ್ಬಮ್ಮ ಮಾತ್ರ ಬೀದಿಯ ಕಡೆ ನೋಡುತ್ತಲೇ ಇದ್ದಳು. ಮುನಿವೆಂಕಟಮ್ಮ ಬರಲಿಲ್ಲ. ಮೊಮ್ಮಕ್ಕಳನ್ನೂ ಕಳಿಸಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ನಾಳೆ ಚಪ್ಪರ ಏಳುತ್ತದೆ. ಹತ್ತು ಮನೆ ಕರೆಯಿರಿ, ನೂರು ಮನೆ ಕರೆಯಿರಿ, ಅದು ನಿಮ್ಮ ಶಕ್ತಿ. ಆದರೆ ಕರೆಯುವಾಗಲೇ ಎಷ್ಟು ಜನ ಎಂದು ಕೇಳಿ. ಕೇಳುವುದು ಅವಮಾನವಲ್ಲ. ನಿಮಗಾಗಿ ದುಡಿದವರನ್ನು ಮೊದಲು ಕೂರಿಸಿ. ನಿಮ್ಮ ಚಪ್ಪರದಿಂದ ಹಸಿದು ಹೋದವರು ಜಗಳಕ್ಕೆ ಬರುವುದಿಲ್ಲ. ಬರುವುದನ್ನೇ ಬಿಟ್ಟುಬಿಡುತ್ತಾರೆ.