ಡೈರಿ ಫೋನಿನ ತೊಗಲಂಗಿ

ತಕರಾರಮ್ಮ ಫೋನ್ ಕೇಸಿನ ಮುಚ್ಚಳವನ್ನು ಹಿಂದಕ್ಕೆ ಬಗ್ಗಿಸಿ, ಮಡಿಕೆ ಬಿದ್ದ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಿರುಕಿರಲಿಲ್ಲ, ಬಿಳಿ ಗೆರೆಯೂ ಮೂಡಲಿಲ್ಲ. ಮೂಗಿನ ಹತ್ತಿರ ತಂದು ಮೂಸಿದಳು. ಅಂಟಿನ ನಾತ ಹೋಗಿ ತೊಗಲಿನ ವಾಸನೆಯಷ್ಟೇ ಉಳಿದಿತ್ತು. ಹೊಲಿಗೆಯ ಮೇಲೆ ಉಗುರೆಳೆದರೆ ಎಲ್ಲೂ ತಡೆಯಲಿಲ್ಲ. ಕೊನೆಗೆ ಫೋನ್ ಕಂಪನಿಯವರು ಅಳತೆಗೆಂದು ಕಳಿಸಿದ್ದ ಮರದ ತುಂಡನ್ನು ಒಳಗೆ ತಳ್ಳಿ, ಕೇಸನ್ನು ತಲೆಕೆಳಗು ಮಾಡಿ ಜೋರಾಗಿ ಕೊಡವಿದಳು. ಮರದ ತುಂಡು ಜಪ್ಪಯ್ಯ ಅನ್ನಲಿಲ್ಲ.

"ಪಾಸು ತಾನೇ?" ಎಂದರು ಮಾಲೀಕರು. ಅವರು ಆಗಲೇ ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದರು.

"ಇನ್ನೂ ಇಲ್ಲ."

"ಮೂಸಿದ್ದಾಯ್ತು, ಎಳೆದಿದ್ದಾಯ್ತು, ಕುಣಿಸಿದ್ದೂ ಆಯ್ತು. ಇನ್ನೇನಮ್ಮ ಬಾಕಿ?"

"ಇದರೊಳಗೆ ಹೋಗೋದು ಮರದ ತುಂಡಲ್ಲವಲ್ಲ. ನಿಮ್ಮ ಕಪಾಟಲ್ಲಿರೋ ಫೋನು ಕೊಡಿ. ಈ ಎರಡು ಕೇಸಿಗೂ ಒಂದೊಂದು ದಿನ. ನನ್ನ ಜೊತೇಲಿ ಇಟ್ಕೊಂಡು ನೋಡ್ತೀನಿ."

ಮಾಲೀಕರು ಆಕಾಶ ನೋಡಿದರು. ಅಲ್ಲಿ ತಗಡಿನ ಸೂರು ಬಿಟ್ಟರೆ ಬೇರೇನೂ ಇರಲಿಲ್ಲ.

ಅವಳನ್ನು ತಕರಾರಮ್ಮ ಅನ್ನುವುದು ಮೊದಮೊದಲು ಬೆನ್ನ ಹಿಂದೆ ಇತ್ತು. ಆಮೇಲೆ ಎದುರಿಗೇ ಶುರುವಾಯಿತು. ಈಗ ಸಂಬಳದ ಲಕೋಟೆಯ ಮೇಲೂ ಹಾಗೇ ಬರೆಯುತ್ತಾರೆ, ಅವಳೂ ಹಾಗೇ ಸಹಿ ಮಾಡುತ್ತಾಳೆ. ನಲವತ್ತು ಜನ ಬೆಲ್ಟು, ಬ್ಯಾಗು, ಪರ್ಸು ಹೊಲಿಯುವ ಆ ಉದ್ದನೆಯ ಹಾಲಿನಲ್ಲಿ ಕೊನೆಯ ಮೇಜು ಅವಳದು. ಅವಳ ಕೈ ದಾಟದೆ ಒಂದು ಕೀಚೈನೂ ಹೊರಗೆ ಹೋಗುತ್ತಿರಲಿಲ್ಲ.

ಹೊಸ ಮಾದರಿಗಳ ವಿಷಯದಲ್ಲಂತೂ ನಿಯಮಗಳು ಕಟ್ಟುನಿಟ್ಟು. ಮಾದರಿ ಇಟ್ಟು ಕಳಿಸುವ ತಟ್ಟೆಯ ಮೇಲೆ ಮಾಡಿದವರ ಹೆಸರಿರಕೂಡದು, ಬರೀ ಅಂಕಿ. ತೀರ್ಪು ಬರುವವರೆಗೆ ಮಾಡಿದವರು ಅವಳ ಮೇಜಿನ ಹತ್ತಿರ ಸುಳಿಯಕೂಡದು. ಫೇಲಾದ ಮಾದರಿಯನ್ನು ಅವಳೇ ಎಲ್ಲರೆದುರು ಚಾಕುವಿನಿಂದ ಅಡ್ಡಕ್ಕೆ ಸೀಳಬೇಕು, ಅದು ಮತ್ತೆ ಯಾರದೋ ಶಿಫಾರಸಿನಿಂದ ಹಿಂಬಾಗಿಲಲ್ಲಿ ಒಳಗೆ ಬರದಿರಲಿ ಎಂದು. ಹೆಸರಿಲ್ಲದಿದ್ದರೇನು, ಕೈ ಗೊತ್ತಾಗದೆ ಇರುತ್ತದೆಯೇ? ದಾರದ ಕೊನೆಯ ಗಂಟನ್ನು ಒಳಮಡಿಕೆಯಲ್ಲಿ ಎಡಕ್ಕೆ ಅಡಗಿಸುವವನು ಇಡೀ ಕಾರ್ಖಾನೆಗೆ ಒಬ್ಬನೇ. ಅವನು ಮೇಸ್ತ್ರಿ, ಅವಳ ಗಂಡ. ಹದಿನೈದು ವರ್ಷದಿಂದ ಅವಳು ಅದು ಗೊತ್ತಿಲ್ಲದವಳಂತೆ ನಟಿಸುತ್ತಿದ್ದಳು. ನಟಿಸುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಗಂಡನ ಕೆಲಸವನ್ನೂ ಅವಳು ಮೂರು ಸಲ ಸೀಳಿದ್ದನ್ನು ಕಂಡಿದ್ದರಿಂದ ಯಾರೂ ಕೊಂಕು ನುಡಿಯುತ್ತಿರಲಿಲ್ಲ. ಆದರೆ ಮೂರನೆಯದನ್ನು ಸೀಳಿ ಒಂಬತ್ತು ವರ್ಷ ಕಳೆದಿತ್ತು, ಆಗ ಮೇಸ್ತ್ರಿಯ ಕೈಯೂ ಗಟ್ಟಿಮುಟ್ಟಾಗಿತ್ತು.

ಕಳೆದ ವರ್ಷ ಮೆಟ್ಟಿಲಿನಿಂದ ಬಿದ್ದು ಅವನ ಬಲ ಮಣಿಕಟ್ಟು ಮುರಿಯಿತು. ಎಂಟು ತಿಂಗಳು ಮನೆಯಲ್ಲಿ ಕೂತ. ಅಷ್ಟು ಕಾಲ ಕಿಟಕಿಯ ಪಕ್ಕದ ಮಾದರಿ ಮೇಜಿನಲ್ಲಿ, ಅಂದರೆ ಅವನ ಜಾಗದಲ್ಲಿ, ಒಬ್ಬ ಹುಡುಗಿ ಕೂತಿದ್ದಳು. ಸಣ್ಣಗಿದ್ದಳು, ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ, ಅದಕ್ಕೇ ಎಲ್ಲರೂ ಇರುವೆ ಅನ್ನುತ್ತಿದ್ದರು. ಮೇಸ್ತ್ರಿ ವಾಪಸು ಬಂದಾಗ ಮಾಲೀಕರು ಮೀನಮೇಷ ಎಣಿಸಿ ಎಣಿಸಿ ಒಂದು ದಾರಿ ಹುಡುಕಿದರು. ಡೈರಿ ಫೋನಿಗೆ ತೊಗಲಿನ ಕೇಸು ಬೇಕೆಂದು ದೊಡ್ಡ ಆರ್ಡರು ಬಂದಿತ್ತು. ಇಬ್ಬರೂ ಒಂದೊಂದು ಮಾದರಿ ಮಾಡಲಿ, ಪಾಸಾದವರಿಗೆ ಮೇಜು. ಆಗದಿದ್ದವರು ಬೆಲ್ಟಿನ ಸಾಲಿಗೆ. ಬೆಲ್ಟಿನ ಸಾಲು ಎಂದರೆ ಬೆಳಗಿನಿಂದ ಸಂಜೆವರೆಗೆ ನೇರ ಹೊಲಿಗೆ, ಮೇಸ್ತ್ರಿ ಇಪ್ಪತ್ತನೇ ವಯಸ್ಸಿನಲ್ಲಿ ಬಿಟ್ಟು ಬಂದ ಜಾಗ.

ಡೈರಿ ಫೋನು ಆಗಷ್ಟೇ ಬಂದ ಹೊಸ ವಸ್ತು. ಫೋನೂ ಅದೇ, ವಿಳಾಸದ ಪುಸ್ತಕವೂ ಅದೇ, ಇಂಥ ದಿನ ಇಂಥ ಹೊತ್ತಿಗೆ ಇಂಥವರನ್ನು ನೋಡಬೇಕೆಂದು ನೆನಪಿಸುವ ಗುಮಾಸ್ತನೂ ಅದೇ. ಪರದೆಯ ಮೇಲೆ ಬರೆಯಲು ಕಡ್ಡಿಯಂಥ ಪೆನ್ನೊಂದು ಬೆನ್ನಿಗೇ ಸಿಕ್ಕಿಸಿರುತ್ತದೆ. ಕಂಪನಿಯವರು ಕೆಲಸ ಮಾಡುವ ಫೋನು ಒಂದನ್ನೇ ಕೊಟ್ಟಿದ್ದರು. ಮಾಲೀಕರು ಅದಕ್ಕೆ ತಮ್ಮ ಇನ್ನೊಂದು ನಂಬರು ಹಾಕಿಸಿಕೊಂಡು, ಬಂದವರಿಗೆಲ್ಲ ತೋರಿಸಿ, ಮತ್ತೆ ಕಪಾಟಿಗೆ ಬೀಗ ಹಾಕುತ್ತಿದ್ದರು. ಕೆಲಸಗಾರರ ಪಾಲಿಗೆ ಬಂದದ್ದು ಮರದ ತುಂಡು ಮಾತ್ರ.

"ಮರದ ತುಂಡಿಗೂ ಫೋನಿಗೂ ಕೂದಲೆಳೆ ಹೆಚ್ಚುಕಮ್ಮಿ ಇಲ್ಲ ಅಂತ ಕಂಪನಿಯವರೇ ಬರೆದುಕೊಟ್ಟಿದ್ದಾರೆ," ಎಂದು ಗೊಣಗುತ್ತಲೇ ಮಾಲೀಕರು ಬೀಗ ತೆಗೆದರು. "ಬೀಳಿಸಿಬಿಟ್ಟೀಯ."

"ಬಿದ್ರೆ ಕೇಸ್ ಹೇಗಿದೆ ಅಂತ ಗೊತ್ತಾಗುತ್ತೆ ಬಿಡಿ."

ಮೊದಲ ದಿನ ಎರಡನೇ ಅಂಕಿಯ ಕೇಸು. ಅದು ಇರುವೆಯದೆಂದು ಹೊಲಿಗೆಯೇ ಕೂಗಿ ಹೇಳುತ್ತಿತ್ತು. ತಕರಾರಮ್ಮನಿಗೆ ಅದು ಸುತರಾಂ ಹಿಡಿಸಲಿಲ್ಲ. ಮೈ ಒಂದಿಷ್ಟು ಸಡಿಲ, ಬಲಬದಿಯಲ್ಲಿ ಅರ್ಧಚಂದ್ರದಂತೆ ಒಂದು ಕಚ್ಚು, ಇಲಿ ಕಡಿದ ಹಾಗೆ. ಒಳ್ಳೆಯ ತೊಗಲನ್ನು ಹೀಗೆ ಕೊಯ್ಯಲು ಮನಸ್ಸಾದರೂ ಹೇಗೆ ಬಂತೋ! ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು, ಬಕೆಟ್ಟು ಎತ್ತಿದಳು, ಬಟ್ಟೆ ಹಿಂಡಿದಳು, ನೆಲ ಒರೆಸಲು ಬಗ್ಗಿದಳು. ಫೋನು ಬೀಳಲಿಲ್ಲ, ನೆನೆಯಲಿಲ್ಲ, ಸದ್ದು ಮಾಡಲಿಲ್ಲ. ಮರುದಿನ ಬೆಳಗ್ಗೆ ಬ್ಯಾಟರಿಯ ಗುರುತು ಮುಕ್ಕಾಲಿನಷ್ಟಿತ್ತು.

ಎರಡನೇ ದಿನ ಒಂದನೇ ಅಂಕಿ. ಅದನ್ನು ಕೈಗೆ ತೆಗೆದುಕೊಂಡಾಗ ಅವಳಿಗೆ ಹೆಮ್ಮೆಯಾಯಿತು, ಸುಳ್ಳೇಕೆ. ಹಸಿ ತೊಗಲನ್ನು ಮರದ ತುಂಡಿನ ಮೇಲೆ ಎಳೆದು ಕೂರಿಸಿ, ಒಣಗುವವರೆಗೆ ಹೆಬ್ಬೆರಳಿನಿಂದ ತೀಡಿ ತೀಡಿ ಮಾಡಿದ ಕೆಲಸ. ಫೋನು ಅದರೊಳಗೆ ಉಸಿರು ಬಿಟ್ಟುಕೊಂಡು ಇಳಿಯಿತು, ಎಲ್ಲೂ ಒಂದು ಸುಕ್ಕಿಲ್ಲ. ಮುರಿದ ಮಣಿಕಟ್ಟಿನವನು ಮಾಡಿದ್ದು ಇದು ಎಂದು ಯಾರಿಗಾದರೂ ಹೇಳಬೇಕೆನ್ನಿಸಿತು. ಹೇಳುವ ಹಾಗಿರಲಿಲ್ಲ.

ಸಂಜೆ ಮನೆಗೆ ಬಂದವಳೇ ಕೇಸನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ತರಕಾರಿ ಹೆಚ್ಚಲು ಕೂತಳು. ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಒಳಗೆ ತಿರುಗಿದಳು.

"ಏನೇ ಅದು, ತೂತಲ್ಲೆಲ್ಲ ಬೆಳಕು?"

ಮುಚ್ಚಳದ ಅಂಚಿನಲ್ಲಿ ಸಣ್ಣಗೆ ನೀಲಿ ಬೆಳಕು ಕಾಣುತ್ತಿತ್ತು. ತಕರಾರಮ್ಮ ಕೈ ಒರೆಸಿಕೊಂಡು ಮುಚ್ಚಳ ತೆಗೆದಳು. ಪರದೆ ಉರಿಯುತ್ತಿತ್ತು. ಆರಿಸಿ ಮುಚ್ಚಿದಳು. ಎರಡು ಬೀನ್ಸ್ ಹೆಚ್ಚುವಷ್ಟರಲ್ಲಿ ಮತ್ತೆ ಬೆಳಕು. ಕೇಸು ಬಿಸಿಯಾಗಿತ್ತು.

"ಅದಕ್ಕೂ ನಿನ್ನ ಹಾಗೇ ಸುಮ್ನೆ ಕೂರೋಕ್ಕಾಗಲ್ಲ ಅನ್ಸುತ್ತೆ," ಎಂದಳು ಅತ್ತೆ.

ಅವಳು ಫೋನನ್ನು ಹೊರಗೆಳೆದು ಬದಿಗಳನ್ನು ಬೆರಳಿನಿಂದ ಸವರಿದಳು. ಬಲಬದಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಗುಂಡಿ ಮೇಲೆದ್ದಿತ್ತು. ಒತ್ತಿದರೆ ಪರದೆ ಹೊತ್ತಿಕೊಳ್ಳುತ್ತದೆ. ಮರದ ತುಂಡಿನ ಬಲಬದಿ ನುಣ್ಣಗಿತ್ತು, ಅದರಲ್ಲಿ ಗುಂಡಿಯೇ ಇರಲಿಲ್ಲ. ಮರಕ್ಕೆ ಚರ್ಮದ ಹಾಗೆ ಹೊಂದುವ ಕೇಸು ಫೋನಿನ ಗುಂಡಿಯನ್ನು ಹಗಲೂ ಇರುಳೂ ಒತ್ತಿ ಹಿಡಿಯುತ್ತಿತ್ತು. ಎಷ್ಟು ಚೆನ್ನಾಗಿ ಮಾಡಿದ್ದನೋ ಅಷ್ಟೂ ತಪ್ಪಾಗಿತ್ತು.

ಮೇಸ್ತ್ರಿ ಒಳಗೆ ಬಂದದ್ದು ಆಗಲೇ. ಅವಳ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕೇಸು. ಅವನು ಚಪ್ಪಲಿ ಬಿಟ್ಟು, ನೀರು ಕುಡಿದು, ಲೋಟವನ್ನು ಎರಡು ಸಲ ತೊಳೆದ.

"ಯಾರದು ಅದು?"

"ಒಂದನೇ ಅಂಕಿ."

"ಯಾರದು ಅಂದೆ."

"ನನಗೇನು ಗೊತ್ತು."

"ಹೌದಪ್ಪ, ನಿನಗೇನು ಗೊತ್ತು," ಎಂದು ನಕ್ಕ. ಆಮೇಲೆ ಹತ್ತಿರ ಬಂದ. ನಗು ಹೋಗಿತ್ತು. "ನೋಡು, ಏನಾದ್ರೂ ಸಣ್ಣಪುಟ್ಟದ್ದು ಇದ್ರೆ ಹೇಳ್ಬಿಡು. ಚಾಕು ಇಲ್ಲೇ ಇದೆ. ಐದು ನಿಮಿಷದ ಕೆಲಸ."

ಐದು ನಿಮಿಷವೂ ಬೇಕಿರಲಿಲ್ಲ. ಅವನ ಚಾಕುಗಳ ಸುರುಳಿ ಕಪಾಟಿನ ಮೇಲೇ ಇತ್ತು. ಒಂದು ಕಚ್ಚು ಕೊಯ್ದು, ಅಂಚು ಉಜ್ಜಿ, ಮೇಣ ಹಚ್ಚಿದರೆ ಮುಗಿಯಿತು, ನಾಳೆ ಕಿಟಕಿ ಪಕ್ಕದ ಮೇಜು ಅವನದೇ. ಇರುವೆಯೂ ತನ್ನ ಮನೆಯಲ್ಲಿ ಈಗ ನೀರು ಕುಡಿಯುತ್ತ ಕೂತಿರಬಹುದು. ಅವಳಿಗೆ ಹೇಳುವವರು ಯಾರಿದ್ದಾರೆ?

"ಬೆಳಗ್ಗೆ ಮೇಜಿನ ಹತ್ರ ಹೇಳ್ತೀನಿ ರೀ," ಎಂದಳು.

"ಅಂದ್ರೆ ಇದೆ."

"ನಾನು ಹಾಗಂದ್ನಾ?"

"ಇಲ್ದಿದ್ರೆ ಇಲ್ಲ ಅಂತಿದ್ದೆ." ಅವನು ಒಂದು ಕ್ಷಣ ಕೇಸನ್ನೇ ನೋಡಿದ. ಕೈ ಚಾಚಲಿಲ್ಲ. "ಎಂಟು ತಿಂಗಳು ಈ ಕೈಗೆ ನೀನೇ ಎಣ್ಣೆ ತಿಕ್ಕಿದ್ದು. ಅದಕ್ಕಾದ್ರೂ..."

"ಅದಕ್ಕೇ ಹೇಳ್ತಿಲ್ಲ," ಎಂದಳು ಅವಳು. ಹಾಗೇಕೆ ಅಂದಳೋ ಅವಳಿಗೂ ಪೂರ್ತಿ ತಿಳಿದಿರಲಿಲ್ಲ, ಆದರೆ ಅಂದದ್ದು ಸರಿಯೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಫೋನನ್ನು ಮತ್ತೆ ಕೇಸಿಗೆ ಇಳಿಸಿ, ತನ್ನ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಊಟದ ಹೊತ್ತಿನಲ್ಲಿ ಅತ್ತೆಯೊಬ್ಬಳೇ ಮಾತಾಡಿದಳು.

ಬೆಳಗ್ಗೆ ಫೋನು ಸತ್ತುಹೋಗಿತ್ತು. ಎಷ್ಟು ಒತ್ತಿದರೂ ಪರದೆ ಕಪ್ಪು.

ಹತ್ತು ಗಂಟೆಗೆ ಯಂತ್ರಗಳು ನಿಂತವು. ಮಾದರಿಯ ತೀರ್ಪಿನ ದಿನ ಹಾಗೇ, ಎಲ್ಲರೂ ಕೂತಲ್ಲಿಂದಲೇ ಕತ್ತು ಚಾಚುತ್ತಾರೆ. ತಕರಾರಮ್ಮ ಎರಡು ಕೇಸುಗಳನ್ನೂ ಮೇಜಿನ ಮೇಲಿಟ್ಟಳು. ಮಾಲೀಕರು ನೇರವಾಗಿ ಒಂದನೆಯದಕ್ಕೆ ಕೈ ಹಾಕಿದರು.

"ಇದೇ ತಾನೇ? ನೋಡಿದ ಕೂಡಲೇ ಗೊತ್ತಾಗುತ್ತಲ್ಲ."

"ಅದಲ್ಲ. ಎರಡನೆಯದು ಪಾಸು."

"ಇಲಿ ಕಡಿದಿರೋದಾ?"

"ಹೌದು." ಅವಳು ದನಿ ಏರಿಸಲಿಲ್ಲ, ಆದರೆ ಕೊನೆಯ ಸಾಲಿನವರೆಗೂ ಕೇಳಿಸಿತು. "ಒಂದನೆಯದರಷ್ಟು ಚಂದದ ಕೆಲಸ ಈ ಮೇಜಿನ ಮೇಲೆ ನಾನು ನೋಡಿಲ್ಲ. ಯಾರು ಮಾಡಿದ್ದಾರೋ ಅವರ ಕೈಗೆ ಏನೂ ಆಗಿಲ್ಲ. ಇದನ್ನ ನೆನಪಿಟ್ಕೊಳ್ಳಿ. ಆದ್ರೆ ಈ ಕೇಸು ಫೋನಿನ ಬಲಗಡೆ ಗುಂಡೀನ ಒತ್ತಿ ಹಿಡಿಯುತ್ತೆ. ಬೆಳಗಾಗೋದ್ರೊಳಗೆ ಬ್ಯಾಟರಿ ಖಾಲಿ. ಕೊಂಡವನು ಕೇಸನ್ನ ಹೊಗಳಲ್ಲ, ಫೋನನ್ನ ಬೈತಾನೆ. ಆಮೇಲೆ ಕಂಪನಿಯವರು ನಮ್ಮನ್ನ ಬೈತಾರೆ."

"ಹಾಗಾದ್ರೆ ಇದಕ್ಕೂ ಒಂದು ಕಚ್ಚು ಹಾಕಿಸಿದ್ರಾಯ್ತಲ್ಲ!" ಮಾಲೀಕರಿಗೆ ಆ ಕೇಸನ್ನು ಬಿಡಲು ಮನಸ್ಸಿಲ್ಲ.

"ಹಾಕಬಹುದು. ಆಗ ಅದು ಎರಡನೆಯದನ್ನ ನೋಡಿ ಮಾಡಿದ ಮೂರನೆಯದಾಗುತ್ತೆ. ತಟ್ಟೆಗೆ ಬಂದದ್ದು ಇದು."

ಅವಳು ಚಾಕು ತೆಗೆದುಕೊಂಡಳು. ತೊಗಲು ಒಳ್ಳೆಯದಾಗಿತ್ತು, ಚಾಕುವಿಗೆ ಬೇಗ ಬಗ್ಗಲಿಲ್ಲ. ಎಡಗೈ ಊರಿ, ಮೈಯ ಭಾರ ಬಿಟ್ಟು, ಅಂಚಿನಿಂದ ಅಂಚಿಗೆ ಒಂದೇ ಸಲ ಎಳೆದಳು. ಎರಡು ಸಲ ಎಳೆಯುವ ಧೈರ್ಯ ಅವಳಿಗಿರಲಿಲ್ಲ. ಹಾಲಿನಲ್ಲಿ ಯಾರೋ ಕೆಮ್ಮಿದರು.

ಮೇಸ್ತ್ರಿ ಯಾರೂ ಹೇಳುವ ಮೊದಲೇ ಎದ್ದ. ಚಾಕುಗಳ ಸುರುಳಿ ಕಟ್ಟಿ, ಬೆಲ್ಟಿನ ಸಾಲಿಗೆ ಹೋಗಿ, ಖಾಲಿಯಿದ್ದ ಮೂರನೇ ಯಂತ್ರದ ಮುಂದೆ ಕೂತ. ಅವಳ ಕಡೆ ನೋಡಲಿಲ್ಲ. ಮಧ್ಯಾಹ್ನದ ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚಿದ. ತೀರ್ಪು ಬಾಕಿ ಇಲ್ಲದ ದಿನಗಳಲ್ಲೆಲ್ಲ ಅವಳ ಮೇಜಿಗೆ ಬರುತ್ತಿದ್ದವನು. ತಕರಾರಮ್ಮ ತನ್ನ ಡಬ್ಬಿಯ ಮುಚ್ಚಳ ತೆಗೆದು, ನೋಡಿ, ಹಾಗೇ ಮುಚ್ಚಿಟ್ಟಳು. ಮಾಡಿದ್ದರ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ. ಅನುಮಾನವಿಲ್ಲದಿದ್ದರೂ ಡಬ್ಬಿ ಖಾಲಿಯಾಗುವುದಿಲ್ಲ, ಅದೇ ಕಷ್ಟ.

ಊಟ ಮುಗಿದ ಮೇಲೆ ಅವನು ಎದ್ದು ಕಿಟಕಿಯ ಕಡೆಗೆ ನಡೆದ. ಇರುವೆ ಗಾಬರಿಯಿಂದ ನಿಂತುಬಿಟ್ಟಳು. ಅವಳ ಮೇಜಿನ ಮೇಲೆ ಫೋನು ವೈರಿಗೆ ತಗುಲಿಕೊಂಡು ಮತ್ತೆ ಜೀವ ಹಿಡಿಯುತ್ತಿತ್ತು.

"ಗುಂಡಿ ಇದೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಮಾಲೀಕರು ಯಾರಿಗೋ ತೋರಿಸ್ತಾ ಇದ್ರು ಸರ್. ಒಂದು ನಿಮಿಷ ಕೊಡಿ ಅಂತ ಕೇಳಿದೆ. ಕೊಟ್ರು."

"ಕೇಳಿದೆಯಾ?"

"ಹೂಂ. ಅಷ್ಟೇ."

ಮೇಸ್ತ್ರಿ ಸ್ಟೂಲು ಎಳೆದು ಅವಳ ಪಕ್ಕ ಕೂತು, ಕನ್ನಡಕ ಹಾಕಿಕೊಂಡ. "ಕೊಡಮ್ಮ ಇಲ್ಲಿ. ಯಾವುದು ಏನು ಅಂತ ಹೇಳು."

ತಕರಾರಮ್ಮ ತನ್ನ ಮೇಜಿನಿಂದ ಎಲ್ಲವನ್ನೂ ನೋಡುತ್ತಿದ್ದಳು, ನೋಡದವಳಂತೆ. ಇರುವೆ ಒಂದೊಂದೇ ಗುಂಡಿ ತೋರಿಸುತ್ತಿದ್ದಳು. ಇದು ಬೆಳಕಿಗೆ, ಇದು ದನಿಗೆ, ಈ ಹಸಿರನ್ನು ಎರಡು ಸಲ ಒತ್ತಿದರೆ ಕೊನೆಗೆ ಮಾತಾಡಿದವರಿಗೆ ಹೋಗುತ್ತದೆ, ಅಂದರೆ ಮಾಲೀಕರಿಗೇ, ಅವರು ತಮಗೆ ತಾವೇ ಫೋನು ಮಾಡಿಕೊಂಡು ನೋಡುತ್ತಿರುತ್ತಾರೆ. ಮೇಸ್ತ್ರಿ ದಪ್ಪ ಹೆಬ್ಬೆರಳಿನಿಂದ ಹಸಿರನ್ನು ಎರಡು ಸಲ ಒತ್ತಿ ಕಿವಿಗಿಟ್ಟುಕೊಂಡ.

ಹಾಲಿನ ಇನ್ನೊಂದು ತುದಿಯ ಗಾಜಿನ ಕೋಣೆಯಲ್ಲಿ ಫೋನಿನ ಗಂಟೆ ಹೊಡೆಯಿತು.

"ಹಲೋ, ಯಾರು?" ಮಾಲೀಕರ ದನಿ ಗಾಜು ದಾಟಿ ಎಲ್ಲರಿಗೂ ಕೇಳಿಸಿತು.

"ನಾನೇ, ಮೇಸ್ತ್ರಿ. ಇಲ್ಲೇ ಕಿಟಕಿ ಹತ್ರ ಇದ್ದೀನಿ."

"ಏನಯ್ಯಾ? ಎದ್ದು ಬರೋಕ್ಕಾಗಲ್ವಾ? ಏನು ಬೇಕು?"

ಮೇಸ್ತ್ರಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿದ. ಎಡಗೈಯ ಬೆರಳೊಂದು ಬಲಬದಿಯ ಗುಂಡಿಯ ಸುತ್ತ ಮೆಲ್ಲಗೆ ಓಡಾಡುತ್ತಿತ್ತು.

"ಒಂದು ತುಂಡು ತೊಗಲು ಬೇಕಿತ್ತು," ಎಂದ. "ಹೊಸದು."

ತಕರಾರಮ್ಮ ತಲೆ ತಗ್ಗಿಸಿ ಮುಂದಿನ ತಟ್ಟೆಯನ್ನು ಎಳೆದುಕೊಂಡಳು. ಅದರಲ್ಲಿದ್ದದ್ದು ಒಂದು ಸಾಮಾನ್ಯ ಪರ್ಸು. ಅದರ ಹೊಲಿಗೆಯ ಮೇಲೆ ಉಗುರಿಟ್ಟಳು, ಆದರೆ ಕಣ್ಣು ಮಂಜಾಗಿ, ಎಲ್ಲಿಂದ ಎಳೆಯಬೇಕೆಂದು ಸ್ವಲ್ಪ ಹೊತ್ತು ಕಾಣಲಿಲ್ಲ.