ಕಾರ್ತಿಕದ ನೇರಳೆ

ಬಸುರಿಯ ಬಯಕೆ, ಅತ್ತೆ ಸೊಸೆಯರ ಅಡುಗೆಮನೆ, ಇಂಥ ವಿಷಯದಲ್ಲಿ ಬಾಯಿ ಹಾಕುವಷ್ಟು ತಿಳಿವಳಿಕೆ ನನಗಿಲ್ಲ. ಹೇಳುವುದರಲ್ಲಿ ಹೆಚ್ಚುಕಡಿಮೆಯಾದರೆ ತಿಳಿದವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಆದರೂ ಜಾವಗಲ್ಲಿನ ಸಾವಿತ್ರಮ್ಮನವರು ನೇರಳೆಹಣ್ಣು ಎತ್ತಿಟ್ಟ ಸಂಗತಿಯನ್ನು ಯಾರಾದರೂ ಹೇಳಬೇಕಲ್ಲ.

ಸಾವಿತ್ರಮ್ಮನವರ ಮೊಮ್ಮಗಳು ಚೈತನ್ಯಾಳಿಗೆ ಕೂಸಾಗಿದ್ದಾಗಿನಿಂದ ಎಡಗಿವಿ ಸೋರುತ್ತಿತ್ತು. ಹಾಸನದ ಡಾಕ್ಟರು ನೋಡಿ, ಶೀತ ಕಿವಿಗಿಳಿದಿದೆ, ಬೆಳೆಯುತ್ತಾ ಸರಿಹೋಗುತ್ತದೆ ಎಂದು ಔಷಧಿ ಬರೆದುಕೊಟ್ಟಿದ್ದರು. ಡಾಕ್ಟರ ಮುಂದೆ ಸಾವಿತ್ರಮ್ಮ ತಲೆಯಾಡಿಸಿ ಬಂದರು. ಒಳಗೊಳಗೆ ಮಾತ್ರ ಅವರಿಗೆ ಬೇರೆ ಕಾರಣ ಗೊತ್ತಿತ್ತು. ಬಸುರಿ ಬಯಸಿದ್ದನ್ನು ಕೊಡದೆ ಹೋದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಅವರ ತಾಯಿ ಹೇಳುತ್ತಿದ್ದರು. ಸೊಸೆ ಗಾನವಿ ಚೈತನ್ಯಾಳನ್ನು ಹೊತ್ತಿದ್ದಾಗ, ಧನುರ್ಮಾಸದ ಚಳಿಯಲ್ಲಿ, ನೇರಳೆಹಣ್ಣು ತಿನ್ನಬೇಕು ಅನ್ನಿಸುತ್ತೆ ಎಂದಿದ್ದಳು. ಆಷಾಢದ ಹಣ್ಣು ಆ ಚಳಿಯಲ್ಲಿ ಎಲ್ಲಿಂದ ಬರಬೇಕು? ಮಗ ಮೋಹನ್‌ಕುಮಾರ್ ಅರಸೀಕೆರೆ ಮಾರ್ಕೆಟ್ಟನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದಿದ್ದ. ಅದು ನೆನಪಾಗಿ, ಮಗುವಿನ ಕಿವಿ ಒರೆಸುವಾಗಲೆಲ್ಲ ಸಾವಿತ್ರಮ್ಮನ ಎದೆಯಲ್ಲಿ ಒಂದು ಮುಳ್ಳು ಅಲ್ಲಾಡುತ್ತಿತ್ತು.

ಈ ವರ್ಷ ಗಾನವಿ ಮತ್ತೆ ಬಸುರಿ ಎಂದು ಗೊತ್ತಾದಾಗ ಆಷಾಢ ಕಾಲಿಟ್ಟಿತ್ತು. ಆಗ ಅವಳಿಗೆ ನೀರು ಮಜ್ಜಿಗೆ ಬಿಟ್ಟು ಬೇರೇನೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ವಾಂತಿ ನಿಂತು ಬಯಕೆ ಹುಟ್ಟುವ ಹೊತ್ತಿಗೆ ಕಾರ್ತಿಕ ಬಂದಿರುತ್ತದೆ, ಅಷ್ಟರಲ್ಲಿ ನೇರಳೆ ಮುಗಿದಿರುತ್ತದೆ. ಸಾವಿತ್ರಮ್ಮ ಅಂದೇ ಬಸ್ಸು ಹತ್ತಿ ಅರಸೀಕೆರೆಗೆ ಹೋಗಿ ಒಂದು ಮಂಕರಿ ತುಂಬ ಹಣ್ಣು ತಂದರು.

"ಏನೇ ಇದು? ಅಂಗಡಿ ಇಡ್ತೀಯಾ?" ಎಂದರು ಗಂಡ ಕೃಷ್ಣಪ್ಪ.

"ನಿಮ್ಮ ಸಕ್ಕರೆ ಕಾಯಿಲೆಗೆ ಕಣ್ರೀ. ನೇರಳೆ ಒಳ್ಳೇದಂತೆ."

"ನಿನ್ನೆ ತಾನೆ ನನಗೆ ಹೋಳಿಗೆ ಬಡಿಸಿದ್ದೆ. ಇವತ್ತು ನನ್ನ ಸಕ್ಕರೆ ಮ್ಯಾಲೆ ಇಷ್ಟು ಪಿರೂತಿ ಬಂತಾ?"

ನಿಜ ಹೇಳುವಂತಿರಲಿಲ್ಲ. ಕಿವಿಗೂ ಬಯಕೆಗೂ ಗಂಟು ಹಾಕುವ ಮಾತು ಕೇಳಿದರೆ ಗಾನವಿಗೆ ಸಿಟ್ಟು ಬರುತ್ತಿತ್ತು. ಹಿಂದೊಮ್ಮೆ ಯಾರೋ ಹಾಗೆ ಅಂದಾಗ ಅವಳು ಊಟ ಬಿಟ್ಟು ಎದ್ದು ಹೋಗಿದ್ದಳು. ಊರಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಹುಡುಗಿ, ಅಂಥ ಮಾತೆಲ್ಲ ಅವಳಿಗೆ ಹಿಡಿಸುತ್ತಿರಲಿಲ್ಲ.

ಮಾವನ ಔಷಧಿಗೆ, ಚಳಿಗಾಲದವರೆಗೂ ಎತ್ತಿಡಬೇಕು ಎಂಬ ಮಾತನ್ನು ನಂಬಿದ ಗಾನವಿಯೇ ಅತ್ತೆಯ ಪಕ್ಕ ಕೂತು ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿ ತೋರಿಸಿದಳು. ಯಾವುದೋ ದೇಶದ ಹೆಂಗಸು ನೀಲಿ ಹಣ್ಣುಗಳನ್ನು ತಟ್ಟೆಯ ಮೇಲೆ ಹರಡುತ್ತಿದ್ದಳು.

"ನೋಡಿ ಅತ್ತೆ, ಬ್ಲೂಬೆರಿ ಅಂತ. ಚಳಿಗಾಲಕ್ಕೆ ಅಂತ ಹೀಗೆ ಎತ್ತಿಡ್ತಾರೆ. ಒಂದಕ್ಕೊಂದು ತಾಗದ ಹಾಗೆ ಹರಡಿ ಫ್ರೀಜರ್‌ನಲ್ಲಿ ಇಡಬೇಕು, ಗಟ್ಟಿಯಾದ ಮೇಲೆ ಕವರಿಗೆ ತುಂಬಬೇಕು. ಮೊದಲೇ ತೊಳೀಬಾರದಂತೆ."

"ತೊಳೀಬಾರದಾ?" ಸಾವಿತ್ರಮ್ಮ ಕನ್ನಡಕ ಸರಿಮಾಡಿಕೊಂಡರು. "ಆ ಯಮ್ಮನ ಹಣ್ಣು ಗಿಡದಿಂದ ಕೈಯಲ್ಲಿ ಕಿತ್ತಿದ್ದು. ನಮ್ಮದು ಮರ ಅಲ್ಲಾಡ್ಸಿ ನೆಲಕ್ಕೆ ಉದುರಿಸಿದ್ದು ಕಣಮ್ಮ. ನಾಯಿ ಓಡಾಡಿರ್ತೈತೆ, ಎಮ್ಮೆ ಓಡಾಡಿರ್ತೈತೆ."

"ತಿನ್ನೋವಾಗ ತೊಳೆದರಾಯ್ತು."

ಸಾವಿತ್ರಮ್ಮ ಹೂಂ ಎಂದರು. ಸೊಸೆ ಕೆಲಸಕ್ಕೆ ಹೋದ ಮೇಲೆ ತೊಳೆದರು. ಒಂದು ಸಲ ಉಪ್ಪುನೀರಿನಲ್ಲಿ, ಸಾಲದೇನೋ ಅನ್ನಿಸಿ ಅರಿಸಿನದ ನೀರಿನಲ್ಲಿ, ಅರಿಸಿನ ಉಳಿದೀತೇನೋ ಅನ್ನಿಸಿ ಮತ್ತೆ ಬರೀ ನೀರಿನಲ್ಲಿ. ಬಸುರಿಯ ಹೊಟ್ಟೆಗೆ ಹೋಗುವ ಪದಾರ್ಥ. ಆಮೇಲೆ ಗಂಡನ ಬಿಳಿ ಪಂಚೆ ಹಾಸಿ, ಫ್ಯಾನು ಹಾಕಿ ಆರಲು ಬಿಟ್ಟರು. ಸಂಜೆ ಹೊತ್ತಿಗೆ ಪಂಚೆ ನೇರಳೆ ಬಣ್ಣಕ್ಕೆ ತಿರುಗಿತ್ತು.

"ಇದನ್ನ ಉಟ್ಕಂಡು ಹೋದ್ರೆ ಯಾವ ಪಾರ್ಟಿ ಅಂತ ಕೇಳ್ತಾರೆ ಜನ," ಎಂದು ಕೃಷ್ಣಪ್ಪ ಪಂಚೆಯನ್ನು ಎತ್ತಿ ಹಿಡಿದು ನೋಡಿದರು.

ಮನೆಯ ಫ್ರಿಜ್ಜಿನ ಮೇಲುಗಡೆಯ ಐಸಿನ ಗೂಡು ಒಂದು ಡಬ್ಬಿಗೆ ಮಾತ್ರ ಸಾಕಾಯಿತು. ತಟ್ಟೆ ಹರಡಲು ಜಾಗವೆಲ್ಲಿ? ಹಣ್ಣನ್ನು ಡಬ್ಬಿಗೆ ಒತ್ತಿ ತುಂಬಿದ್ದಾಯಿತು. ಮಂಕರಿಯಲ್ಲಿ ಇನ್ನೂ ಅರ್ಧ ಉಳಿದಿತ್ತು.

"ಅಟ್ಟಕ್ಕೆ ಹಾಕು," ಎಂದರು ಕೃಷ್ಣಪ್ಪ.

ಅಟ್ಟದ ಮೇಲೆ ಅವರಿಗಿದ್ದ ನಂಬಿಕೆ ದೇವರ ಮನೆಯ ಮೇಲೂ ಇರಲಿಲ್ಲ. ತೆಂಗಿನಕಾಯಿಗಳು ಅಲ್ಲಿ ವರ್ಷಗಟ್ಟಲೆ ಕೂತು, ಕೆಳಗಿನ ಒಲೆಯ ಬಿಸಿ ಹೊಗೆ ಕುಡಿದು, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿಯಾಗಿ ಇಳಿಯುತ್ತಿದ್ದವು. ಮೋಹನ್‌ಕುಮಾರನ ಓದು, ಮದುವೆ, ಮನೆಯ ಹೊಸ ಕೋಣೆ, ಎಲ್ಲ ಆ ಅಟ್ಟದಿಂದಲೇ ಇಳಿದು ಬಂದದ್ದು. "ಕಾಯಿನೇ ಕೆಡಲ್ಲ ಅಂದ್ರೆ ನೇರಳೆ ಕೆಡ್ತದಾ?" ಎಂದು ಅವರೇ ಏಣಿ ಹಾಕಿ ಹಣ್ಣನ್ನು ಮೇಲೆ ಹರಡಿ ಬಂದರು. ಸಾವಿತ್ರಮ್ಮನಿಗೂ ಅದು ಸರಿಯೆನಿಸಿತು. ತೆಂಗಿನಕಾಯಿಗೆ ಚಿಪ್ಪಿದೆ, ನೇರಳೆಗಿಲ್ಲ ಎಂಬುದು ಇಬ್ಬರಿಗೂ ಹೊಳೆಯಲೇ ಇಲ್ಲ.

ಗೌರಿಹಬ್ಬದ ಹೊತ್ತಿಗೆ ಇಳಿಸಿ ನೋಡಿದರೆ ಕೆಲವು ಬೂಸಲು ಹಿಡಿದಿದ್ದವು, ಉಳಿದವು ಮೇಕೆ ಹಿಕ್ಕೆಯ ಹಾಗಿದ್ದವು. ಕೃಷ್ಣಪ್ಪ ಧೈರ್ಯ ಮಾಡಿ ಒಂದನ್ನು ಬಾಯಿಗೆ ಹಾಕಿಕೊಂಡರು.

"ಹೆಂಗೈತ್ರೀ?"

"ಬೀಡಿ ಬಿಟ್ಟು ಬಾಳ ವರ್ಷ ಆಗಿತ್ತು," ಎಂದರು ಅಗಿಯುತ್ತಾ, "ಮತ್ತೆ ಸೇದ್ದಂಗಾಯ್ತು."

ಅವನ್ನು ತಿಪ್ಪೆಗೆ ಸುರಿದರು. ಇನ್ನು ಉಳಿದದ್ದು ಆ ಒಂದು ಡಬ್ಬಿ. ಸಾವಿತ್ರಮ್ಮನಿಗೆ ನೆಮ್ಮದಿ ಎಂಬುದೇ ಇಲ್ಲವಾಯಿತು. ಕರೆಂಟು ಹೋದರೆ ಸಾಕು, ಫ್ರಿಜ್ಜಿನ ಬಾಗಿಲು ತೆಗೆದು ಡಬ್ಬಿಯ ಮೇಲೆ ಕೈಯಿಟ್ಟು ನೋಡುವರು.

"ಅತ್ತೆ, ನೀವು ನೋಡಿದಷ್ಟೂ ಬೇಗ ಕರಗುತ್ತೆ," ಎನ್ನುವಳು ಗಾನವಿ.

"ನೋಡ್ದಿದ್ರೆ ಕರಗಿದ್ದು ಹೆಂಗೆ ಗೊತ್ತಾಗ್ತೈತೆ?"

ಕಾರ್ತಿಕ ಬಂತು. ಬೆಳಗಿನ ಹೊತ್ತು ಮಂಜು ಬೀಳತೊಡಗಿತು. ಗಾನವಿಯ ವಾಂತಿ ನಿಂತು ಮುಖಕ್ಕೆ ಕಳೆ ಏರಿತು. ಸಾವಿತ್ರಮ್ಮ ದಿನಾ ಕೇಳುವರು, "ಏನ್ ತಿನ್ಬೇಕು ಅನ್ಸುತ್ತಮ್ಮ?" ಗಾನವಿ, "ಏನೂ ಇಲ್ಲ ಅತ್ತೆ, ನೀವು ಮಾಡಿದ್ದೇ ಚೆನ್ನಾಗಿದೆ," ಎನ್ನುವಳು. ಹಾಗೆಂದಷ್ಟೂ ಸಾವಿತ್ರಮ್ಮನಿಗೆ ಭಯ ಹೆಚ್ಚಾಯಿತು. ಬಯಕೆ ಇದ್ದೂ ಮುಚ್ಚಿಡುತ್ತಿದ್ದಾಳೋ ಏನೋ. ಬಾಯಿಬಿಟ್ಟು ಕೇಳಿದ್ದನ್ನೇ ಆಗ ಕೊಡಲಾಗಲಿಲ್ಲ, ಇನ್ನು ಕೇಳದೆ ಉಳಿದದ್ದರ ಗತಿಯೇನು?

ಒಂದು ಭಾನುವಾರ ಮಧ್ಯಾಹ್ನ ತಡೆಯಲಾರದೆ ಡಬ್ಬಿಯನ್ನು ಹೊರಗೆ ತೆಗೆದರು. ತೊಳೆದ ನೀರು ಪೂರ್ತಿ ಆರಿರಲಿಲ್ಲ, ಮೇಲೆ ಒತ್ತಿ ತುಂಬಿದ್ದು ಬೇರೆ, ಹಣ್ಣೆಲ್ಲ ಒಂದಕ್ಕೊಂದು ಅಂಟಿ ಕಪ್ಪು ಕಲ್ಲಾಗಿತ್ತು. ಇಷ್ಟು ತಣ್ಣಗಿರುವುದನ್ನು ಬಸುರಿಗೆ ಕೊಟ್ಟರೆ ಶೀತವಾದೀತೆಂದು ಬಟ್ಟಲಿಗೆ ಹಾಕಿ ಅಂಗಳದ ಬಿಸಿಲಿಗೆ ಇಟ್ಟರು. ಸ್ವಲ್ಪ ಹೊತ್ತಿಗೆ ಕಲ್ಲು ಕರಗಿತು. ಸಿಪ್ಪೆ ಸುಕ್ಕಾಗಿ, ತಿರುಳು ಪಿಚಿಪಿಚಿಯಾಗಿ, ಹಣ್ಣುಗಳು ನೇರಳೆ ನೀರಿನಲ್ಲಿ ತೇಲುತ್ತಿದ್ದವು. ಸಾವಿತ್ರಮ್ಮ ಬಟ್ಟಲಿನ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಏನಾಯ್ತು ಅತ್ತೆ?" ಗಾನವಿ ಬಾಗಿಲಲ್ಲಿ ನಿಂತಿದ್ದಳು.

"ಹಾಳು ಮಾಡ್ಬುಟ್ಟೆ ಕಣಮ್ಮ. ತೊಳೀಬೇಡಿ ಅಂದಿದ್ದೆ ನೀನು, ತೊಳೆದ್ಬುಟ್ಟೆ."

"ಹೋಗಲಿ ಬಿಡಿ. ಮಾವನಿಗೆ ಬೇರೆ ಔಷಧಿ ಇದೆಯಲ್ಲ."

"ಮಾವಂಗಲ್ಲ ಇದು. ನಿಂಗೆ." ಮುಚ್ಚಿಟ್ಟದ್ದೆಲ್ಲ ಒಟ್ಟಿಗೆ ಹೊರಬಂತು. "ಆಗ ನೀ ಕೇಳ್ದೆ, ನಾ ಕೊಡ್ಲಿಲ್ಲ. ಮಗೀನ ಕಿವಿ ಹಂಗಾಯ್ತು. ಬೈಯೋದಾದ್ರೆ ಬಯ್ಯಿ, ಈ ಸಲನಾದ್ರೂ ಕೊಡಾನ ಅಂತ ಮಾಡ್ದೆ."

ಗಾನವಿ ಬೈಯಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಧಾನಕ್ಕೆ ಅತ್ತೆಯ ಪಕ್ಕದಲ್ಲಿ ಕೂತಳು.

"ಅತ್ತೆ, ಒಂದು ಹೇಳ್ತೀನಿ, ನಗಬೇಡಿ. ಆಗ ನಾನು ಹೊಸಬಳು. ನೀವು ಹೊತ್ತಾರೆ ಕೇಳ್ತಿದ್ರಿ, ಮಧ್ಯಾಹ್ನ ಕೇಳ್ತಿದ್ರಿ, ಮಲಗೋ ಮುಂಚೆ ಕೇಳ್ತಿದ್ರಿ, ಏನ್ ಬೇಕು ಏನ್ ಬೇಕು ಅಂತ. ಏನಾದ್ರೂ ಹೇಳಿದ್ರೆ ನೀವು ಒಲೆ ಮುಂದೆ ನಿಲ್ತೀರಿ, ಇವರು ಊರೂರು ಅಲೀತಾರೆ. ಅದಕ್ಕೇ ಯಾರಿಂದಲೂ ತರೋಕಾಗದ್ದು ಒಂದು ಹೇಳಿಬಿಟ್ಟರೆ ಸುಮ್ಮನಾಗ್ತೀರ ಅಂತ, ಚಳಿಗಾಲದಲ್ಲಿ ನೇರಳೆ ಅಂದೆ."

ಸಾವಿತ್ರಮ್ಮ ಬಾಯಿ ತೆರೆದು ನೋಡಿದರು. "ಅಯ್ಯೋ ನಿನ್ನ! ಅವನು ಅರಸೀಕೆರೆ ಎಲ್ಲ ಸುತ್ತಿದ್ನಲ್ಲೇ!"

"ಸುತ್ತುತ್ತಾರೆ ಅಂತ ನನಗೇನು ಗೊತ್ತಿತ್ತು?"

ಸಾವಿತ್ರಮ್ಮನಿಗೆ ನಗು ಬಂತು. ನಗುತ್ತಿದ್ದಂತೆಯೇ ಮತ್ತೆ ಕಣ್ಣು ತುಂಬಿತು. ಗಾನವಿ ಬಟ್ಟಲನ್ನು ಎಳೆದುಕೊಂಡು, ಮೆತ್ತಗಾದ ಹಣ್ಣನ್ನು ಒಂದೊಂದಾಗಿ ಬಾಯಿಗೆ ಹಾಕಿ, ಬೀಜ ಉಗುಳುತ್ತಾ ತಿಂದಳು. ಕೊನೆಗೆ ಬಟ್ಟಲೆತ್ತಿ ಆ ನೀರನ್ನೂ ಕುಡಿದು, "ಚೆನ್ನಾಗಿದೆ ಅತ್ತೆ," ಎಂದಳು. ಅವಳ ತುಟಿ, ನಾಲಿಗೆ ಎಲ್ಲ ನೇರಳೆಯಾಗಿತ್ತು.

ಮೊದಲ ಬಸುರಿನಲ್ಲಿ ಗಾನವಿಗೆ ನಿಜವಾಗಿ ನೇರಳೆ ಬೇಕಿರಲಿಲ್ಲವೋ, ಅಥವಾ ಅತ್ತೆಯ ಎದೆಯ ಮುಳ್ಳು ಕೀಳಲೆಂದು ಆ ಮಧ್ಯಾಹ್ನ ಹಾಗೆ ಹೇಳಿದಳೋ, ಸಾವಿತ್ರಮ್ಮನಿಗೆ ಗೊತ್ತಿಲ್ಲ. ಅವರು ಕೇಳಲೂ ಇಲ್ಲ. ನನಗೂ ಗೊತ್ತಿಲ್ಲ.