ನಾಲ್ಕನೆಯ ಡ್ರಮ್

ಪರಶುವಿನ ಬಲಗಿವಿ ಹೋಗಿ ಎರಡು ವರ್ಷವಾಗಿತ್ತು. ಬೈಲಹೊಂಗಲದ ಹಿಟ್ಟಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಬೆಲ್ಟಿನ ಪಕ್ಕದಲ್ಲೇ ನಿಂತವನು ಅದನ್ನು ದೊಡ್ಡದು ಮಾಡಿರಲಿಲ್ಲ. ಈ ಯುಗಾದಿ ಕಳೆದ ಮೇಲೆ ಎಡಗಿವಿಯೂ ಮಂದವಾಗತೊಡಗಿದಾಗ ಮಾತ್ರ ಧಾರವಾಡಕ್ಕೆ ಹೋದ. ಅಲ್ಲಿಯ ಡಾಕ್ಟರು ಪರೀಕ್ಷೆ ಮಾಡಿ, ಅವನ ಕಿವಿಯ ಹತ್ತಿರ ಬಾಗಿ, ಮಷಿನ್ ಹಾಕಿದರೂ ಹೆಚ್ಚು ಉಪಯೋಗವಿಲ್ಲ, ಉಳಿದದ್ದು ಯಾವತ್ತು ಹೋಗುತ್ತದೋ ಹೇಳಲಾಗದು ಎಂದರು.

ಮರುದಿನ ಬೆಳಿಗ್ಗೆ ಅವನು ಏಣಿ ಹಚ್ಚಿ ಅಟ್ಟ ಹತ್ತಿದ. ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಡ್ರಮ್ ಸೆಟ್ಟನ್ನು ಒಂದೊಂದಾಗಿ ಇಳಿಸಿ ಪಡಸಾಲೆಯಲ್ಲಿ ಹರವಿದ. ಹಿಂದೆ ಅವನು ಬಾರಿಸುತ್ತಿದ್ದ ಆರ್ಕೆಸ್ಟ್ರಾ ಕೊಳ್ಳುವಾಗಲೇ ಇದು ಹಳೆಯದು. ಮುಂಬೈಯಲ್ಲಿ ಯಾರ ಯಾರ ಕೈಯಲ್ಲೋ ಪಳಗಿ ಬಂದದ್ದು. ಮೈಗೆ ಸುತ್ತಿದ್ದ ಕೆಂಪು ಹಾಳೆ ಇನ್ನೂ ಮುತ್ತಿನಂತೆ ಹೊಳೆಯುತ್ತಿತ್ತು. ಉಳಿದದ್ದೆಲ್ಲ ತುಕ್ಕು.

"ಇದೇನ್ರೀ, ಮುಂಜಾನೆದ್ದು?" ಎಂದು ಹೆಂಡತಿ ಮಾಲಾ ಕೂಗಿ ಕೇಳಿದಳು.

"ಕಿವಿ ಪೂರಾ ಹೋಗೂದ್ರೊಳಗ ಒಮ್ಮೆ ಇದನ್ನ ಕೇಳಬೇಕು. ಎಲ್ಲಾ ಕೂಡಿಸಿ ಕೇಳಬೇಕು."

"ಎಲ್ಲಾ ಎಲ್ಲೈತಿ? ಮೂರ ಅದಾವಲ್ಲ."

ಅವಳ ಮಾತು ನಿಜವಾಗಿತ್ತು. ಕಾಲಿನಿಂದ ಬಾರಿಸುವ ಬೇಸ್ ಡ್ರಮ್ಮು, ಎದುರಿಗಿಟ್ಟು ಕಡ್ಡಿಯಿಂದ ಬಾರಿಸುವ ಸ್ನೇರು, ಒಂದು ಸಣ್ಣದು, ಇಷ್ಟೇ ಇದ್ದವು. ಮೂರು ಕಾಲಿನ ಮೇಲೆ ನೆಲದಲ್ಲಿ ನಿಲ್ಲುವ ದೊಡ್ಡ ಡ್ರಮ್ಮು ಇರಲಿಲ್ಲ. ಅದು ಕಿತ್ತೂರಿನ ಮಹಮ್ಮದಗೌಸನ ಮನೆಯಲ್ಲಿತ್ತು. ಆರ್ಕೆಸ್ಟ್ರಾದಲ್ಲಿ ಒಂದೇ ಸೆಟ್ಟಿಗೆ ಇಬ್ಬರೂ ಸರದಿಯ ಮೇಲೆ ಕೂಡುತ್ತಿದ್ದರು. ಬಾರಿಸುವುದರಲ್ಲಿ ಪರಶು ಮುಂದು, ಶ್ರುತಿ ಕಟ್ಟುವುದರಲ್ಲಿ ಗೌಸ. ಆರ್ಕೆಸ್ಟ್ರಾ ಮುರಿದ ದಿನ ಸೆಟ್ ಯಾರಿಗೆ ಎಂಬ ಜಗಳವಾಯಿತು. ಬಾಯಿಗೆ ಬಾಯಿ ಹತ್ತಿ, ಕಡೆಗೆ ಗೌಸ ದೊಡ್ಡ ಡ್ರಮ್ಮನ್ನು ಬಗಲಲ್ಲಿ ಎತ್ತಿಕೊಂಡು, "ಮೂರು ನಿನ್ನ ಕಡೆ ಇರಲಿ, ಒಂದು ನನ್ನ ಕಡೆ. ಇಬ್ಬರೂ ಬಾರಸೂದ ಬ್ಯಾಡ" ಎಂದು ಬಸ್ ಹತ್ತಿದ್ದ. ಕಿತ್ತೂರು ಒಂದು ತಾಸಿನ ಹಾದಿ. ಇಪ್ಪತ್ತೈದು ವರ್ಷದಲ್ಲಿ ಒಬ್ಬರೂ ಆ ಹಾದಿ ತುಳಿಯಲಿಲ್ಲ.

ಒಂದು ತಿಂಗಳು ಪರಶು ಸೀಮೆಎಣ್ಣೆಯಲ್ಲಿ ಬೋಲ್ಟು ನೆನೆಸಿದ, ಡ್ರಮ್ಮಿನ ಅಂಚಿನ ಬಳೆಗಳ ತುಕ್ಕು ತಿಕ್ಕಿದ, ಬೆಳಗಾವಿಯಿಂದ ಡ್ರಮ್ಮಿನ ಬಾಯಿಗೆ ಹೊಸ ಹೊದಿಕೆ ತಂದು ಬಿಗಿದ. ಗಿರಣಿಯಿಂದ ಬಂದವನು ಕೈ ತೊಳೆಯದೆ ಕೂತುಬಿಡುತ್ತಿದ್ದ. ದಿನಕ್ಕೊಮ್ಮೆ ಸ್ನೇರಿನ ಮೇಲೆ ಕಡ್ಡಿ ಆಡಿಸಿ ನೋಡುವನು. ನಿನ್ನೆಗಿಂತ ಇವತ್ತು ಅದು ದೂರದಿಂದ ಕೇಳುತ್ತಿತ್ತು. ಆಗ ಕಿತ್ತೂರಿಗೆ ಹೊರಟ.

ಬಾಗಿಲು ತೆರೆದವಳು ಗೌಸನ ಹೆಂಡತಿ ಅಜೀಜಾಬಿ. ಮೊದಲು ಗುರುತು ಹತ್ತಲಿಲ್ಲ. ಹತ್ತಿದ ಮೇಲೆ ಸೆರಗು ಬಾಯಿಗೆ ಹಿಡಿದಳು.

"ಗೌಸ ಎಲ್ಲದಾನ್ರೀ ಭಾಬಿ?"

ಅವಳು ಏನೋ ಹೇಳಿದಳು. ಪರಶುವಿಗೆ ಕೇಳಲಿಲ್ಲ. ಕಿವಿಗೆ ಕೈಹಚ್ಚಿ ಮತ್ತೆ ಕೇಳಿದ. ಅವಳು ಮತ್ತೆ ಹೇಳಿದಳು. ಮೂರನೆಯ ಸಲ, ಕೊರಳು ಬಿರಿಯುವಂತೆ, "ಅವ್ರು ಹೋಗಿ ನಾಕ ವರ್ಷ ಆತು, ಪರಶುಭಾಯಿ! ನಿಮಗ ಯಾರೂ ಹೇಳಲಿಲ್ಲೇನು?" ಎಂದು ಕೂಗಿದಳು. ಓಣಿಯ ಜನ ಹೊರಗೆ ಬಂದು ನೋಡಿದರು. ಪರಶು ಕಟ್ಟೆಯ ಮೇಲೆ ಕೂತು, ತಾನು ಡ್ರಮ್ಮಿಗಾಗಿ ಬಂದುದನ್ನು ಹೇಳಿದ.

ಡ್ರಮ್ಮು ಹಿತ್ತಲ ಕೋಣೆಯಲ್ಲಿತ್ತು. ಎತ್ತಲು ಹೋದರೆ ಕಟ್ಟಿಗೆ ಬಿಸ್ಕೀಟಿನಂತೆ ಪುಡಿಯಾಯಿತು. ಒಳಗೆಲ್ಲ ಗೆದ್ದಲು. ಕೈಗೆ ಬಂದದ್ದು ಎರಡು ಕಬ್ಬಿಣದ ಬಳೆ, ಮೂರು ಕಾಲು, ಅಂಗೈ ಅಗಲದ ಕೆಂಪು ಹಾಳೆ.

"ಅವ್ರಿದ್ದಾಗ ದಿನಾ ಒರಸ್ತಿದ್ರು," ಎಂದು ಅಜೀಜಾಬಿ ಅವನ ಎಡಗಿವಿಯಲ್ಲಿ ಹೇಳಿದಳು. "ಬಿಗೀತಿದ್ರು, ಬಡೀತಿದ್ರು, ಮತ್ತ ಸಡ್ಲ ಮಾಡ್ತಿದ್ರು. ನಾ ಆ ಕಡೆ ನೋಡಲಿಲ್ಲ. ನಂದ ತಪ್ಪು."

ಸವದತ್ತಿಯಲ್ಲಿ ನಿಜಗುಣಪ್ಪ ಎಂಬ ಬಡಿಗನಿದ್ದ. ಪರಶು ಬಳೆಗಳನ್ನು ಅವನ ಮುಂದಿಟ್ಟು, ಇವಕ್ಕೆ ಹೊಂದುವ ಹೊಸ ಡ್ರಮ್ಮು ಕಟ್ಟಿಕೊಡು ಎಂದು ಕೈಮುಗಿದ. ತೆಳುವಾದ ಪ್ಲೈವುಡ್ಡನ್ನು ಬಿಸಿನೀರಿನಲ್ಲಿ ನೆನೆಸಿ, ಬಗ್ಗಿಸಿ, ಪದರದ ಮೇಲೆ ಪದರ ಅಂಟಿಸಬೇಕಿತ್ತು. ಮೊದಲನೆಯದು ಸೀಳಿತು. ಎರಡನೆಯದು ಒಣಗುವಾಗ ಸೊಟ್ಟಾಯಿತು. "ಅವಸರ ಮಾಡಿದ್ರ ಕಟ್ಟಿಗಿ ಕೇಳೂದಿಲ್ಲೋ ಮಾರಾಯಾ" ಎಂದು ನಿಜಗುಣಪ್ಪ ಬೈದ. ಅವಸರ ಮಾಡದೆ ಪರಶುವಿಗೆ ಗತಿಯಿರಲಿಲ್ಲ.

ಮೂರನೆಯದು ಅಚ್ಚಿನಲ್ಲಿ ಒಣಗುತ್ತಿದ್ದ ವಾರ, ಒಂದು ಬೆಳಿಗ್ಗೆ ಅವನು ಗಿರಣಿಯ ಸ್ವಿಚ್ ಹಾಕಿದ. ಕರೆಂಟಿಲ್ಲ ಎಂದುಕೊಂಡು ಮಷಿನ್ನಿನ ಮೇಲೆ ಕೈಯಿಟ್ಟ. ಅದು ಗಡಗಡ ನಡುಗುತ್ತಿತ್ತು. ಹಿಟ್ಟು ಸುರಿಯುತ್ತಿತ್ತು. ಎದುರಿಗೆ ಡಬ್ಬಿ ಹಿಡಿದ ಹೆಣ್ಣುಮಗಳು ಬಾಯಿ ಆಡಿಸುತ್ತಿದ್ದಳು. ಪರಶು ಅವಳ ಬಾಯನ್ನೇ ನೋಡುತ್ತ ನಿಂತ.

ಡ್ರಮ್ಮು ಮನೆಗೆ ಬಂದಾಗ ಸುತ್ತಲೂ ಕೆಂಪು ಬಣ್ಣ, ಹಳೆಯ ಬಳೆ, ಹಳೆಯ ಕಾಲು. ನಾಲ್ಕೂ ಕೂಡಿ ನಿಂತವು. ಎಷ್ಟು ಬಿಗಿಯಬೇಕೆಂದು ಅವನಿಗೆ ತಿಳಿಯಲಿಲ್ಲ. ಬೆರಳಿನಿಂದ ಒತ್ತಿದ, ಗಲ್ಲ ಹಚ್ಚಿದ. ಮಾಲಾಳನ್ನು ಕೇಳಿದರೆ ಪ್ರತಿಸಲವೂ ಚಲೋ ಐತಿ ಎಂದು ಕೈಯಾಡಿಸುವಳು. ಹೊದಿಕೆಯನ್ನು ಪೂರ್ತಿ ಸಡಿಲಿಸಿ ಬಾರಿಸಿದ. ಅದಕ್ಕೂ ಚಲೋ ಐತಿ.

"ಸುಳ್ಳ ಹೇಳಬ್ಯಾಡ!" ಎಂದು ಅವನು ಕಡ್ಡಿ ಬೀಸಿ ಒಗೆದ. ಮಾಲಾ ಬೆಚ್ಚಿ ಹಿಂದೆ ಸರಿದಾಗಲೇ ತಾನು ಎಷ್ಟು ಜೋರಾಗಿ ಕೂಗಿದೆನೆಂದು ಅವನಿಗೆ ಗೊತ್ತಾಯಿತು. ಒಗೆದ ಕಡ್ಡಿಯನ್ನು ಎತ್ತಿ ತಂದು ಡ್ರಮ್ಮಿನ ಮೇಲಿಟ್ಟ. ಆಮೇಲೆ, "ಭಾಬಿಗೆ ಫೋನ್ ಮಾಡು. ಆಕಿ ದಿನಾ ಕೇಳ್ಯಾಳ. ಆಕಿಗೆ ಗೊತ್ತೈತಿ" ಎಂದ.

ಮರುದಿನ ಮಧ್ಯಾಹ್ನದ ಬಸ್ಸಿಗೆ ಅಜೀಜಾಬಿ ಬಂದಳು. ಚಹಾ ಬೇಡವೆಂದು ಡ್ರಮ್ಮಿನ ಮುಂದೆ ಕೂತು ಕಣ್ಣು ಮುಚ್ಚಿದಳು. ಪರಶು ಬಾರಿಸುವನು, ಅವಳು ಬೆರಳು ಮೇಲೆ ಮಾಡಿದರೆ ಬಿಗಿಯುವನು, ಕೆಳಗೆ ಮಾಡಿದರೆ ಸಡಿಲಿಸುವನು. ಎರಡು ತಾಸು ಹಾಗೇ ನಡೆಯಿತು. ಕಡೆಗೆ ಅವಳ ಬೆರಳು ನಿಂತಿತು.

ಪರಶು ನಾಲ್ಕರ ನಡುವೆ ಕೂತು ಕಡ್ಡಿ ಎತ್ತಿದ. ಕೈ ಮರೆತಿರಲಿಲ್ಲ. ಆದರೆ ಗಾದಿಯ ಮೇಲೆ ಬಡಿದಂತೆ. ಕಾಲು ಒತ್ತಿದಾಗ ಹೊಟ್ಟೆಯಲ್ಲೇನೋ ಅದುರಿತು, ಅಷ್ಟೇ. ಕೈಯೂ ಕಾಲೂ ಕೂಡಿ ನಡೆದಿವೆಯೋ ಇಲ್ಲವೋ ತಿಳಿಯದೆ ನಡುವೆಯೇ ನಿಲ್ಲಿಸಿದ.

"ಅದ ದನಿ ಬಂತೇನ್ರಿ, ಭಾಬಿ? ಗೌಸನ ದನಿ?"

ಅಜೀಜಾಬಿ ಕಣ್ಣು ತೆರೆದಳು. ಆಮೇಲೆ ಇಲ್ಲವೆಂದು ತಲೆಯಾಡಿಸಿದಳು.

ಪರಶು ಕಡ್ಡಿ ಕೆಳಗಿಟ್ಟು ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗತೊಡಗಿತು. ಯಾರೂ ಅವನನ್ನು ಮುಟ್ಟಲಿಲ್ಲ. ಅಜೀಜಾಬಿ ಮಾಲಾಳಿಗೆ ಏನೋ ಹೇಳಿದಳು. ಮಾಲಾ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಬರೆದು ಅವನ ಕೈಗಿಟ್ಟಳು.

"ಅದಲ್ಲ. ಕಟ್ಟಿಗಿ ಹೊಸಾದು. ಅಡಿ ಕಡೆ ಹೊದಿಕಿ ಇನ್ನೂ ಸ್ವಲ್ಪ ಸಡ್ಲ ಮಾಡಂತ. ಭಾಬಿ ಇವತ್ತ ಇಲ್ಲೇ ಇರತಾರ."

ಅವನು ಎರಡು ಸಲ ಓದಿದ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ದೊಡ್ಡ ಡ್ರಮ್ಮನ್ನು ಬೋರಲು ಹಾಕಿದ. ಅಜೀಜಾಬಿ ಮುಂದೆ ಸರಿದು ಕೂತಳು, ಬೆರಳು ಕೆಳಗೆ ಮಾಡಿದಳು.